ಜಾರೂದಂದ್ರ ನಮ್ಮ ಕಾಕಾಗ ಜೀವ

ನವಲಗುಂದದ ಗುಡ್ಡವೊಂದನ್ನು ಬಿಟ್ಟರೆ ನಮ್ಮ ಕಡೆ ನೆಲ ಏಳುವುದೂ ಇಲ್ಲ, ಬೀಳುವುದೂ ಇಲ್ಲ. ಅಣ್ಣಿಗೇರಿಯಲ್ಲಿ ನಿಂತು ನೋಡಿದರೆ ಕಡಲಿ ಹೊಲ, ಅದರಾಚೆ ಜೋಳದ ಹೊಲ, ಅದರಾಚೆ ಮತ್ತೆ ಕಡಲಿ ಹೊಲ. ಬಿದ್ದ ನೀರು ಕೂಡ ಯಾವ ಕಡೆ ಹರಿಯಬೇಕೆಂದು ಒಂದು ಗಳಿಗೆ ವಿಚಾರ ಮಾಡಿಯೇ ಹೊರಡುತ್ತದೆ. ಇಂಥ ಸಪಾಟು ಸೀಮೆಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಸ್ಕೀಯಿಂಗಿನ ಹುಚ್ಚು ಹಿಡಿಯಿತು ಎಂದರೆ ನಂಬುತ್ತೀರಾ? ನಂಬದಿದ್ದರೂ ಅಡ್ಡಿಯಿಲ್ಲ. ನಮ್ಮ ಕಾಕಿಯೂ ಮೊದಲು ನಂಬಿರಲಿಲ್ಲ.

ಹುಚ್ಚು ಹಿಡಿದದ್ದು ನಮ್ಮ ಸಣ್ಣ ಕಾಕಾನಿಗೆ. ಆ ಕತೆಗೆ ಬರುತ್ತೇನೆ, ಅವಸರವೇನು? ಅದಕ್ಕೂ ಮೊದಲು ಎರಿ ಮಣ್ಣಿನ ಮಾತು ಒಂದಿಷ್ಟು ಆಡಬೇಕು. ಯಾಕೆಂದರೆ ಕಾಕಾ ಮುಂದೆ ಕಾಶ್ಮೀರದ ಗುಲ್ಮಾರ್ಗದಲ್ಲಿ ಯಾವ ಯಾವ ಭಂಗಿಯಲ್ಲಿ ಬಿದ್ದರೋ ಅದರ ತಾಲೀಮೆಲ್ಲ ನಡೆದದ್ದು ನಮ್ಮ ಎರಿ ಹೊಲದಲ್ಲಿಯೇ.

ಎರಿಯಲ್ಲಿ ನಡೆಯದವರಿಗೆ ಅದರ ಸ್ವಭಾವ ಬಾಯಿಂದ ಹೇಳಿ ತಿಳಿಸುವುದು ಕಷ್ಟ. ಬ್ಯಾಸಗಿಯಲ್ಲಿ ಬಾಯಿಬಿಟ್ಟು ಬಿರಿದಿರುತ್ತದೆ. ಬಿರುಕಿನಲ್ಲಿ ಕೈಯ ಕೋಲು ಇಳಿದರೆ ಅರ್ಧ ಕಾಣುವುದಿಲ್ಲ. ಮಣ್ಣಿನ ಶಾಸ್ತ್ರ ಓದಿದವರು ಇದರಲ್ಲಿ ಮಾಂಟ್‌ಮೋರಿಲೊನೈಟ್ ಎಂಬ ಜೇಡಿ ಇದೆ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ ಎನ್ನುತ್ತಾರೆ. ನಮ್ಮ ರೈತರಿಗೆ ಆ ಹೆಸರು ಗೊತ್ತಿಲ್ಲ, ಗುಣ ಗೊತ್ತು. ಮೊದಲ ಮಳೆಗೆ ಮೇಲಿನ ಒಂದು ಬೆರಳು ಮಣ್ಣು ಮಾತ್ರ ತೊಯ್ದು ಕೆಳಗಿನದು ಗಟ್ಟಿಯಾಗಿಯೇ ಉಳಿದಿರುತ್ತದಲ್ಲ, ಆಗ ಕಾಲಿಟ್ಟವನು ಜಾರುತ್ತಾನೆ. ಮಳೆ ಜಗ್ಗಿ ಹಿಡಿದು ಒಳಗೆಲ್ಲ ನೆನೆದ ಮೇಲೆ ಕಾಲಿಟ್ಟವನು ಹುಗಿಯುತ್ತಾನೆ. ಇವೆರಡರ ನಡುವೆ ಅರೆಬರೆ ಒಣಗಿದಾಗ ಅಂಟುತ್ತದೆ ನೋಡಿ, ಅದು ಬೇರೆಯೇ ಸುಖ. ಹತ್ತು ಹೆಜ್ಜೆ ನಡೆಯುವುದರೊಳಗೆ ಚಪ್ಪಲಿಯ ಕೆಳಗೆ ನಾಲ್ಕು ಬೆರಳು ಮಣ್ಣು ಸೇರಿ ಗಿಡ್ಡನೆಯ ಮನುಷ್ಯನೂ ಎತ್ತರವಾಗುತ್ತಾನೆ. ನಮ್ಮ ಬಾಜೂ ಹೊಲದ ಮುದುಕಪ್ಪನೊಬ್ಬ, ತನ್ನ ಹೊಲದಲ್ಲಿ ಹಾಯ್ದು ಹೋಗುವವರನ್ನೆಲ್ಲ ಬದುವಿನ ಹತ್ತಿರ ನಿಲ್ಲಿಸಿ, ‘ಕಾಲ ಕೆರಕೊಂಡ ಹೋಗ್ರೆಪಾ, ನನ್ನ ಹೊಲಾ ಒಯ್ಯಬ್ಯಾಡ್ರಿ’ ಎಂದು ಚಪ್ಪಲಿಯ ಮಣ್ಣು ಬಿಡಿಸಿಕೊಂಡೇ ಕಳಿಸುತ್ತಿದ್ದ. ಎಕರೆಗೆ ಇಷ್ಟೆಂದು ರೇಟು ಏರಿದ ಈ ಕಾಲದಲ್ಲಿ ಅವನು ಹೇಳಿದ್ದು ತಪ್ಪೆಂದು ನನಗೇನೂ ಅನ್ನಿಸುವುದಿಲ್ಲ.

ಹಿಮದ ಮೇಲೆ ಹಲಗೆ ಜಾರುವುದಕ್ಕೂ ನೀರೇ ಕಾರಣ. ಉಜ್ಜಾಟದ ಬಿಸಿಗೆ ಮೇಲಿನ ಹಿಮ ಚೂರೇ ಚೂರು ಕರಗಿ, ಆ ತೆಳ್ಳನೆಯ ನೀರಿನ ಪದರದ ಮೇಲೆ ಸ್ಕೀ ಓಡುತ್ತದೆ. ಇನ್ನಷ್ಟು ಜಾರಲಿ ಎಂದು ತಳಕ್ಕೆ ಮೇಣ ಬೇರೆ ತಿಕ್ಕುತ್ತಾರೆ. ನಮಗೆ ಮೇಣದ ಖರ್ಚಿಲ್ಲ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಎಂದು ಹಳ್ಳಗಳಿಗೇ ಹೆಸರಿಟ್ಟುಕೊಂಡ ಜನ ನಾವು. ಅವು ಮಳೆಗಾಲದಲ್ಲಿ ತುಂಬಿ ಬಂದು ಹೊಲ ನುಂಗುವುದು ನಗುವ ಮಾತಲ್ಲ, ಅದನ್ನು ಇಲ್ಲಿ ಬಿಡೋಣ.

ಚಕ್ಕಡಿ ದಾರಿಯಲ್ಲಿ ಮೋಟರ್‌ಸೈಕಲ್ ಹೊಡೆದವರನ್ನು ಕೇಳಿರಿ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರಿ ಹೊಕ್ಕು ಬಿರಡೆ ಹಾಕಿದ ಮೇಲೆ ಮುಂದಿನ ಗಾಲಿ ತಿರುಗುವುದಿಲ್ಲ. ತಿರುಗದ ಗಾಲಿ ಜಾರಲೇಬೇಕು. ಅಂದರೆ ಆ ಗಳಿಗೆಯಿಂದ ಅದು ಗಾಲಿಯಲ್ಲ, ಸ್ಕೀ. ನಮ್ಮೂರ ಹುಡುಗರು ಇದಕ್ಕಾಗಿಯೇ ಮಳೆಗಾಲ ಬಂತೆಂದರೆ ಮಡ್‌ಗಾರ್ಡ್ ಬಿಚ್ಚಿಡುತ್ತಾರೆ. ಬಿಚ್ಚದವರು ಮಣ್ಣು ಕೆದರಲು ಒಂದು ಕಟಗಿ ತುಂಡು ಇಟ್ಟುಕೊಂಡಿರುತ್ತಾರೆ. ಕಾಕಾನದು ಮೂರನೆಯ ಪಂಥ. ಗಾಲಿ ನಿಂತರೂ ಇವರು ಎಕ್ಸಲೇಟರ್ ಬಿಡುವವರಲ್ಲ. ಗಾಡಿ ಅಡ್ಡಡ್ಡ ಹೊರಟು, ದಾರಿ ಬಿಟ್ಟು, ಹೆಸರಿನ ಹೊಲ ಹೊಕ್ಕು, ಮಲಗುತ್ತದೆ. ಕಾಕಾ ಅದರಿಂದ ಒಂದು ಮಾರು ಮುಂದೆ ಹೋಗಿ ಮಲಗುತ್ತಾರೆ.

ಬಿದ್ದವನನ್ನು ನಮ್ಮ ಕಡೆಯ ಮಂದಿ ಮೊದಲು ಎತ್ತುವುದಿಲ್ಲ. ಮೊದಲು ಕೇಳುತ್ತಾರೆ: ‘ಬಿದ್ರ್ಯಾ?’ ಕೆಸರಿನಲ್ಲಿ ಅಂಗಾತ ಮಲಗಿ ಮುಗಿಲು ನೋಡುತ್ತಿರುವ ಮನುಷ್ಯ ಇದಕ್ಕೆ ಏನು ಉತ್ತರ ಕೊಡಬೇಕು, ನೀವೇ ಹೇಳಿ. ಹೌದು ಎಂದರೆ ಅವಮಾನ, ಇಲ್ಲ ಎಂದರೆ ಸುಳ್ಳು. ಕಾಕಾನ ಉತ್ತರ ಮಾತ್ರ ಸಿದ್ಧವಿರುತ್ತಿತ್ತು. ‘ಇಲ್ಲೋ ತಮ್ಮಾ, ಬಿತ್ತಾಕ ಹದಾ ಬಂದೈತೇನ ನೋಡಾಕತ್ತೇನಿ.’ ಹದ ನೋಡುವವನು ಹಿಡಿ ಮಣ್ಣು ಕೈಯಲ್ಲಿ ಹಿಡಿದು ಉಂಡಿ ಕಟ್ಟಿ ನೋಡುತ್ತಾನೆ. ಇಡೀ ಮೈಯಿಂದ ಹದ ನೋಡುವ ಪದ್ಧತಿ ತಂದವರು ಬಹುಶಃ ಇವರೊಬ್ಬರೇ.

ಇನ್ನು ಕುಂಟಿ. ಕುಂಟಿ ಹೊಡೆಯುವಾಗ ಕುಡ ನೆಲಕ್ಕೆ ಕೂಡಲಿ ಎಂದು ಮೇಲೊಂದು ಭಾರ ಇಡುತ್ತಾರಲ್ಲ, ನಮ್ಮ ಬಾಲ್ಯದಲ್ಲಿ ಆ ಭಾರದ ನೌಕರಿ ಹುಡುಗರಿಗೆ. ಎತ್ತು ಎಳೆಯುತ್ತವೆ, ಕಾಲ ಕೆಳಗೆ ಕಟಗಿ ಹರಿಯುತ್ತದೆ, ಧೂಳು ಏಳುತ್ತದೆ, ನಾವು ಹಗ್ಗ ಹಿಡಿದು ನಿಂತಿರುತ್ತೇವೆ. ಸ್ವಿಟ್ಜರ್ಲೆಂಡಿನಲ್ಲಿ ಹಿಮದ ಮೇಲೆ ಓಡುವ ಕುದುರೆಯ ಹಿಂದೆ ಹಗ್ಗ ಹಿಡಿದು ಸ್ಕೀ ಮೇಲೆ ನಿಂತು ಪಂದ್ಯ ಆಡುತ್ತಾರೆಂದು ಓದಿದಾಗ ಕಾಕಾ ಪೇಪರನ್ನು ಮಡಚಿಟ್ಟು, ‘ಇದನ್ನ ನಾ ಮೂರನೇ ಇಯತ್ತೇದಾಗ ಮುಗಿಸೇನಿ’ ಎಂದರು.

ಮುಗಿಸಿದ್ದೇನೋ ನಿಜ. ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು ಕಲಘಟಗಿ ಕಡೆ, ಮಾವನ ಮನೆಯ ಗದ್ದೆಯಲ್ಲಿ.

ಕಾಕಿಯ ತವರು ಅದು. ಅಲ್ಲಿ ನಮ್ಮ ಎರಿ ಮುಗಿದು ಮಲೆನಾಡಿನ ಸೆರಗು ಸುರುವಾಗುತ್ತದೆ. ಸಾಗವಾನಿ ಗಿಡ, ಭತ್ತದ ಗದ್ದೆ, ಜಿಟಿಜಿಟಿ ಮಳೆ. ಭತ್ತವನ್ನು ಕೂರಿಗೆಯಲ್ಲಿ ಬಿತ್ತಿ, ಸಸಿ ಎದ್ದು ಗದ್ದೆಯಲ್ಲಿ ನೀರು ನಿಂತ ಮೇಲೆ, ಆ ಸಸಿಯ ಮೇಲೆಯೇ ಕೊರಡು ಹೊಡೆಯುತ್ತಾರೆ. ಬಯಲುಸೀಮೆಯವರಿಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಹಸಿರಾಗಿ ಎದ್ದ ಪೈರಿನ ಮೇಲೆ ಯಾರಾದರೂ ಮರದ ದಿಮ್ಮಿ ಎಳೆಸುತ್ತಾರೆಯೇ? ಎಳೆಸುತ್ತಾರೆ, ಪೈರು ಮಲಗುತ್ತದೆ, ಎದ್ದು ಮೊದಲಿಗಿಂತ ಹೆಚ್ಚು ತೆಂಡೆ ಒಡೆಯುತ್ತದೆ. ಕಳೆಗೆ ಮಾತ್ರ ಅಷ್ಟು ಧೈರ್ಯ ಸಾಲುವುದಿಲ್ಲ. ಹೊಸದಾಗಿ ಮದುವೆಯಾಗಿ ಶ್ರಾವಣದಲ್ಲಿ ಮಾವನ ಮನೆಗೆ ಹೋದ ಕಾಕಾ ಇದನ್ನು ನೋಡಿದರು. ಕೊರಡಿನ ಮೇಲೆ ಆಳು ನಿಂತಿದ್ದ. ಕಾಕಾನಿಗೆ ತಡೆಯಲಾಗಲಿಲ್ಲ.

‘ಬ್ಯಾಡ್ರಿ ಅಳಿಯಂದಿರ, ಹೊಸಾ ಧೋತರ ಉಟ್ಟೀರಿ’ ಎಂದರು ಮಾವ.

‘ಏನಾಗೂದಿಲ್ರಿ ಮಾವಾರ. ನಮ್ಮಲ್ಲಿ ಕುಂಟಿ ಮ್ಯಾಲ ನಿಂತು ರೂಢಿ ಐತಿ.’

ರೂಢಿ ಇದ್ದದ್ದು ಒಣ ಹೊಲದ ಮೇಲೆ. ನೀರು ನಿಂತ ಗದ್ದೆಯಲ್ಲಿ ಕೊರಡು ಓಡುವ ವೇಗವೇ ಬೇರೆ. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಕಾಕಾ ಒಂದು ಕೈ ಬಿಟ್ಟು ಮನೆಯ ಕಡೆ ಬೀಸಿದರಂತೆ. ಮುಂದೆ ಬದು ಬಂತು. ಎತ್ತು ತಿರುಗಿದವು, ಕೊರಡು ತಿರುಗಿತು, ಕಾಕಾ ತಿರುಗಲಿಲ್ಲ. ಅಳಿಯ ಬಿದ್ದರೆ ನಗುವಂತಿಲ್ಲ. ಅದು ಆ ಕಾಲದ ಮರ್ಯಾದೆ. ಮಾವ ಗಂಭೀರವಾಗಿ ಮುಗಿಲ ಕಡೆ ನೋಡಿ, ‘ಮಳಿ ಬರೂ ಹಂಗೈತಿ’ ಎಂದರು. ಮಳೆ ಆಗಲೇ ಬರುತ್ತಿತ್ತು. ಅತ್ತೆಯವರು ಸೆರಗು ಬಾಯಿಗೆ ಹಚ್ಚಿ ಒಳಗೆ ಹೋದವರು ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಅಡಿಗೆ ಮನೆಯಿಂದ ಬಿಕ್ಕಳಿಕೆಯ ಸಪ್ಪಳ ಮಾತ್ರ ಬರುತ್ತಿತ್ತು. ಕಾಕಾ ಮೈ ತೊಳೆದುಕೊಂಡು, ಧೋತರ ಬದಲಿಸಿ, ಮತ್ತೆ ಹೋಗಿ ಕೊರಡಿನ ಮೇಲೆ ನಿಂತರು. ಕಾಕಿ ಇಂದಿಗೂ ಹೇಳುತ್ತಾಳೆ, ‘ಅವತ್ತ ನನಗ ಗೊತ್ತಾತು, ಇವರು ಕಲ್ಯಾಕೂ ಒಲ್ಲರು, ಬಿಡಾಕೂ ಒಲ್ಲರು.’

ಈ ಮಾತು ಜಾರುವುದಕ್ಕೆ ಮಾತ್ರ ಅಲ್ಲ, ಸಂಗೀತಕ್ಕೂ ಸಲ್ಲುತ್ತದೆ. ನಿಮಗೆ ಗೊತ್ತಲ್ಲ, ಕುಂದಗೋಳ ನಮಗೆ ದೂರವಲ್ಲ. ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿಯವರು ಕಲಿತದ್ದು ಅವರಲ್ಲಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಮಾಡುತ್ತ ಕಲಿತದ್ದೂ ಅವರಲ್ಲಿಯೇ. ನಾಡಿಗೇರ ವಾಡೆಯಲ್ಲಿ ಸಂಗೀತೋತ್ಸವ ಎಂದರೆ ಕಾಕಾ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಕಿರಾನಾ ಘರಾಣೆಯವರು ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಎಲ್ಲಿಯೂ ಕಾಲೂರದೆ ಮೀಂಡ್ ತೆಗೆದುಕೊಂಡು ಹೋಗುತ್ತಾರಲ್ಲ, ಅದು ಬಂದಾಗಲೆಲ್ಲ ಕಾಕಾ ನನ್ನ ತೊಡೆ ಚಿವುಟುತ್ತಿದ್ದರು. ‘ನೋಡ ತಮ್ಮಾ, ಷಡ್ಜದಿಂದ ಪಂಚಮಕ್ಕ ಜಾರಿದ್ರು. ಬಿದ್ದರೇನು?’ ಬೆಳಗಿನ ಜಾವ ಕಚೇರಿ ಮುಗಿದು ಹೊರಬಿದ್ದಾಗ ಅದೇ ಮೀಂಡನ್ನು ತಾವೂ ಹಾಡುತ್ತ, ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ ನಡೆದರು. ಪಂಚಮ ಮುಟ್ಟುವ ಮೊದಲೇ ಗಟಾರ ಮುಟ್ಟಿದರು. ಗಟಾರದೊಳಗಿಂದಲೂ ಸ್ವರ ಬಿಟ್ಟಿರಲಿಲ್ಲ ಎಂಬುದನ್ನು ಮಾತ್ರ ಸಾಕ್ಷಿಯಾಗಿ ಹೇಳಬಲ್ಲೆ.

ಹಾಂ, ಗುಲ್ಮಾರ್ಗ.

ಮಕ್ಕಳೆಲ್ಲ ಸೇರಿ ಕಾಕಾ-ಕಾಕಿಯನ್ನು ಕಾಶ್ಮೀರ ಟೂರಿಗೆ ಕಳಿಸಿದರು. ಗುಲ್ಮಾರ್ಗ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದ ಬಟ್ಟಲು. ಅಲ್ಲಿಂದ ಗೊಂಡೋಲಾ ಎಂಬ ತೂಗುಡಬ್ಬಿಯಲ್ಲಿ ಎರಡು ಹಂತ ಏರಿದರೆ ಅಫರ್ವತ್ ಶಿಖರದ ಹೆಗಲು, 3,900 ಮೀಟರಿಗೂ ಮೇಲೆ. ಬಲ್ಲವರು ಮೇಲಿನಿಂದ ಸ್ಕೀ ಮೇಲೆ ಇಳಿಯುತ್ತಾರೆ. ಕಲಿಯುವವರಿಗೆ ಕೆಳಗೇ ಒಂದು ಮೆತ್ತನೆಯ ಇಳಿಜಾರು. ಮೂರು ವರ್ಷದ ಮಕ್ಕಳೂ ಅಲ್ಲಿ ಓಡಾಡುತ್ತಿರುತ್ತವೆ. ಟೂರಿನವರೆಲ್ಲ ಕೈಯಿಂದ ಎಳೆಯುವ ಸ್ಲೆಡ್ಜ್ ಹತ್ತಿ ಫೋಟೋ ತೆಗೆಸಿಕೊಂಡು ಚಾ ಕುಡಿಯಲು ಹೋದರು. ಕಾಕಾ ಬಾಡಿಗೆ ಕೋಟು ಹಾಕಿಕೊಂಡು, ಧೋತರವನ್ನು ಬಾಡಿಗೆ ಪ್ಯಾಂಟಿನೊಳಗೆ ತುರುಕಿಕೊಂಡು, ಸ್ಕೀ ಬೂಟಿನ ಕ್ಲಿಪ್ಪು ಹಾಕಿಸಿಕೊಂಡರು. ಆ ಬೂಟು ಮೀನಖಂಡದವರೆಗೆ ಬಿಗಿದು ಹಿಡಿಯುತ್ತದೆ. ಕಾಕಾ ಕೈ ಎತ್ತಿ ಕಾಕಿಗೆ ಹೇಳಿದರಂತೆ, ‘ಎರಿ ಹತ್ತಿದಂಗ ಐತಿ. ಹೊಸಾದೇನಿಲ್ಲ.’

ಕಲಿಸುವ ಹುಡುಗ ಕಾಶ್ಮೀರದವನು, ಒಳ್ಳೆಯ ತಾಳ್ಮೆಯವನು. ಅವನು ಹೇಳಿಕೊಟ್ಟ ಮೊದಲ ಪಾಠ: ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಮೊಣಕಾಲು ಬಾಗಿಸಿ, ಹಿಮ್ಮಡಿ ಹೊರಗೆ ಒತ್ತಿದರೆ ಬಂಡಿ ನಿಲ್ಲುತ್ತದೆ. ಅದೇ ಬ್ರೇಕು. ಎರಡನೆಯ ಪಾಠ: ಬೀಳಬೇಕೆಂದು ಬಂದಾಗ ಪಕ್ಕಕ್ಕೆ ಬೀಳಬೇಕು, ಹಿಂದಕ್ಕಲ್ಲ. ಮೂರನೆಯದು: ಎದ್ದೇಳುವ ಮೊದಲು ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಏಳುತ್ತಲೇ ಮತ್ತೆ ಹೊರಡುತ್ತೀರಿ. ಕಾಕಾ ಮೂರಕ್ಕೂ ತಲೆಯಾಡಿಸಿದರು. ಮಗ್ಗಲಿನ ಹುಡುಗಿಯೊಬ್ಬಳು ತೂರಿ ಹೋದದ್ದನ್ನು ನೋಡಿ ಮೂರನ್ನೂ ಮರೆತು ಹೊರಟರು.

ಹೊರಟ ಮೇಲೆ ಬ್ರೇಕಿನ ನೆನಪಾಯಿತು. ಜನ್ಮವೆಲ್ಲ ಎತ್ತು ಹೊಡೆದ ಮನುಷ್ಯನಿಗೆ ಬ್ರೇಕು ಎಂದರೆ ಬಾಯಿ. ‘ಹೋ... ಹೋ... ಹೋ’ ಎಂದು ಕೂಗಿದರು. ಎತ್ತಾಗಿದ್ದರೆ ನಿಲ್ಲುತ್ತಿದ್ದವು. ದಾರಿಯಲ್ಲಿದ್ದ ಮಂದಿ ಇದನ್ನು ಉತ್ಸಾಹದ ಕೂಗು ಎಂದು ತಿಳಿದು ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿದ ಕಾಕಾ ನಮಸ್ಕಾರ ಮಾಡಲು ಎರಡೂ ಕೈಯ ಕೋಲು ಬಿಟ್ಟರು. ಮುಂದೆ ಒಬ್ಬ ಸ್ಲೆಡ್ಜಿನವನು ಖಾಲಿ ಸ್ಲೆಡ್ಜ್ ಎಳೆದುಕೊಂಡು ಮೇಲೆ ಬರುತ್ತಿದ್ದ. ಕಾಕಾ ಆ ಸ್ಲೆಡ್ಜಿನೊಳಗೆ ಕುಳಿತರು. ಕುಳಿತರು ಎನ್ನುವುದು ಕಾಕಾನ ಪಾಠಾಂತರ; ಕಾಕಿಯ ಪ್ರಕಾರ ಮೊದಲು ತಲೆ ಹೋಗಿ ಆಮೇಲೆ ಉಳಿದದ್ದು ಹೋಯಿತು. ಸ್ಲೆಡ್ಜು, ಅದರ ಧಣಿ, ಕಾಕಾ ಮೂವರೂ ಕೂಡಿ ಕೆಳಗಿನ ಚಾದಂಗಡಿಯವರೆಗೆ ಹೋದರು. ಸ್ಲೆಡ್ಜಿನವನು ಎದ್ದು ಮೈ ಕೊಡವಿಕೊಂಡು ಬಾಡಿಗೆ ಕೇಳಿದ. ನ್ಯಾಯವೇ, ಸವಾರಿ ಆಗಿತ್ತಲ್ಲ.

‘ಸಾಕ ಬರ್ರಿ, ಮಂದಿ ನೋಡಾಕತ್ತಾರ’ ಎಂದಳು ಕಾಕಿ. ‘ಮತ್ತ, ನೋಡಬಾರದಂದ್ರ ಮನ್ಯಾಗ ಬೀಳತಿದ್ದೆ’ ಎಂದು ಕಾಕಾ ಮತ್ತೆ ಮೇಲೆ ಹತ್ತಿದರು. ಸಂಜೆ ಬಾಡಿಗೆ ಸಾಮಾನು ಹಿಂತಿರುಗಿಸುವವರೆಗೆ ಇದೇ ನಡೆಯಿತು.

ಊರಿಗೆ ಬಂದ ಮೇಲೆ ಹಣಮಪ್ಪನ ಗುಡಿ ಕಟ್ಟಿಗೆ ಒಂದು ಹೊಸ ವಿಷಯ ಸಿಕ್ಕಿತು. ಕಾಕಾ ಮೊಮ್ಮಕ್ಕಳ ಮೊಬೈಲಿನಿಂದ ಓದಿಸಿಕೊಂಡು ಬಂದು ದಿನಕ್ಕೊಂದು ಕತೆ ಬಿಚ್ಚುತ್ತಿದ್ದರು. ಗೆದ್ದವರ ಕತೆ ಅವರಿಗೆ ಬೇಡ. ‘ಎಡ್ಡಿ ದಿ ಈಗಲ್’ ಎಂದು ಹೆಸರಾದ ಇಂಗ್ಲೆಂಡಿನ ಮೈಕೆಲ್ ಎಡ್ವರ್ಡ್ಸ್ ಅವರ ಆರಾಧ್ಯದೈವ. ಗಿಲಾವು ಮಾಡುವ ಕೆಲಸಗಾರ, ದಪ್ಪ ಗಾಜಿನ ಚಷ್ಮಾ, ಜಿಗಿಯುವಾಗ ಆ ಚಷ್ಮಾಕ್ಕೆ ಮಂಜು ಕವಿದು ಮುಂದೇನಿದೆ ಎಂದೇ ಕಾಣುತ್ತಿರಲಿಲ್ಲ. 1988ರಲ್ಲಿ ಕೆನಡಾದ ಕ್ಯಾಲ್ಗರಿಯ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀ ಜಿಗಿತದ ಎರಡೂ ಸ್ಪರ್ಧೆಗಳಲ್ಲಿ ಕಡೆಯ ಸ್ಥಾನ. ಆದರೂ ಜನ ಅವನನ್ನು ಹೊತ್ತು ಮೆರೆಸಿದರು.

‘ಕಡೇದಾಂವ ಆಗಾಕ ಅಷ್ಟ ದೂರ ಯಾಕ ಹೋಗಬೇಕಿತ್ತಪಾ?’ ಎಂದರು ಕಟ್ಟಿಯ ಹಿರಿಯರೊಬ್ಬರು ಎಲಿ ಅಡಿಕೆ ಮಡಚುತ್ತ. ‘ಇಲ್ಲೇ ಆಗಬಹುದಿತ್ತಲ್ಲ.’

ಕಾಕಾ ಇದಕ್ಕೆಲ್ಲ ಬಗ್ಗುವವರಲ್ಲ. ಎಡ್ಡಿಯ ನಂತರ ಅಂಥವರು ನುಸುಳದಂತೆ ಒಲಿಂಪಿಕ್ಸಿನವರು ಅರ್ಹತೆಯ ನಿಯಮ ಬಿಗಿ ಮಾಡಿದರು. ಅದನ್ನು ಹೇಳುವಾಗ ಕಾಕಾನ ದನಿ ಮಲಪ್ರಭೆಯ ನೀರಿನ ವಿಷಯ ಮಾತಾಡುವ ಮಟ್ಟಕ್ಕೆ ಏರುತ್ತಿತ್ತು. ಮರುದಿನ ಶಿವ ಕೇಶವನ್. ಮನಾಲಿ ಹತ್ತಿರದ ವಶಿಷ್ಠದ ಹುಡುಗ, 16ನೇ ವಯಸ್ಸಿಗೇ 1998ರ ನಾಗಾನೋ ಒಲಿಂಪಿಕ್ಸಿಗೆ ಹೋದವನು. ಅವನದು ಸ್ಕೀ ಅಲ್ಲ, ಲೂಜ್ ಎಂಬ ಪುಟ್ಟ ಸ್ಲೆಡ್ಜು. ಅಂಗಾತ ಮಲಗಿ ಹಿಮದ ಕಾಲುವೆಯಲ್ಲಿ ಇಳಿಯುವುದು. ಹಿಮದ ಕಾಲುವೆ ನಮ್ಮ ದೇಶದಲ್ಲೆಲ್ಲಿದೆ? ಸ್ಲೆಡ್ಜಿಗೆ ಗಾಲಿ ಹಾಕಿಕೊಂಡು ಘಟ್ಟದ ಡಾಂಬರು ರಸ್ತೆಯಲ್ಲಿ, ಲಾರಿ-ಕುರಿಗಳ ನಡುವೆ ತಾಲೀಮು ಮಾಡಿದ. 2014ರಲ್ಲಿ ರಷ್ಯದ ಸೋಚಿಯಲ್ಲಿ ಅಭ್ಯಾಸದ ಓಟದಲ್ಲಿ ಸ್ಲೆಡ್ಜಿನಿಂದ ಕಳಚಿ ಬಿದ್ದು, ಬಿದ್ದವನು ಜಾರುತ್ತಲೇ ಹಿಡಿತ ಸಾಧಿಸಿ ಮತ್ತೆ ಅದರ ಮೇಲೆ ಹತ್ತಿ ಓಟ ಮುಗಿಸಿದ. ಈ ವಿಡಿಯೋವನ್ನು ಕಟ್ಟಿಯ ಮೇಲೆ ಎಲ್ಲರೂ ತಿರುಗಿ ತಿರುಗಿ ನೋಡಿದರು. ಕೊನೆಗೆ ಟ್ರ್ಯಾಕ್ಟರ್ ಹೊಡೆಯುವ ಹುಡುಗನೊಬ್ಬ, ‘ಕಾಕಾ, ನೀವು ಸ್ಲೆಡ್ಜಿನ್ಯಾಗ ಬಿದ್ದ್ರಿ. ಇಂವ ಸ್ಲೆಡ್ಜಿನಿಂದ ಬಿದ್ದಾನ. ಇಬ್ಬರೂ ಕೂಡಿದ್ರ ಲೆಕ್ಕ ಸರಿ ಆಗತೈತಿ’ ಎಂದ.

ನಮ್ಮ ರಾಜ್ಯದವರು ಯಾರೂ ಇಲ್ಲವೇ ಎಂದು ಯಾರೋ ಕೇಳಿದರು. ಇದ್ದಾರೆ: ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಕಾಫಿ ತೋಟದ ನಾಡಿನಿಂದ ಹೋಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಕಲಿತು, ಅದೇ ಗುಲ್ಮಾರ್ಗದ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಕಾಕಾ ಈ ಸುದ್ದಿಯನ್ನು ಅಭಿಮಾನದಿಂದಲೇ ಹೇಳಿದರು, ಆದರೆ ಬೇಗ ಮುಗಿಸಿದರು. ಪಾಪ, ಆಕೆ ಗೆದ್ದುಬಿಟ್ಟಿದ್ದಾರಲ್ಲ.

ಕಾಕಾನ ಮನಸ್ಸು ಪೂರಾ ಕರಗಿದ್ದು ಕೀನ್ಯಾದ ಫಿಲಿಪ್ ಬೋಯಿಟ್‌ನ ಕತೆಗೆ. ಬಿಸಿಲು ನಾಡಿನ ಓಟಗಾರ, ಹಿಮ ಕಂಡು ಬಹಳ ವರ್ಷವಾಗಿರಲಿಲ್ಲ. ನಾಗಾನೋದಲ್ಲಿ 10 ಕಿಲೋಮೀಟರ್ ಸ್ಕೀ ಓಟಕ್ಕೆ ನಿಂತ. ನಾರ್ವೆಯ ಬ್ಯೋರ್ನ್ ಡೇಲಿ ಚಿನ್ನ ಗೆದ್ದು ಸುಮಾರು 20 ನಿಮಿಷವಾದರೂ ಬೋಯಿಟ್ ಇನ್ನೂ ದಾರಿಯಲ್ಲೇ. ಪದಕ ಕೊಡುವವರು ಕರೆಯುತ್ತಿದ್ದರೆ ಡೇಲಿ ಹೋಗಲಿಲ್ಲ. ಗುರಿಯ ಗೆರೆಯ ಹತ್ತಿರ ಕಾಯುತ್ತ ನಿಂತ. ಎಲ್ಲರಿಗಿಂತ ಕಡೆಗೆ ಏದುಸಿರು ಬಿಡುತ್ತ ಬಂದವನನ್ನು ತಬ್ಬಿಕೊಂಡ. ಬೋಯಿಟ್ ಮುಂದೆ ತನ್ನ ಮಗನಿಗೆ ಡೇಲಿ ಎಂದೇ ಹೆಸರಿಟ್ಟ.

ಈ ಕೊನೆಯ ಮಾತೇ ತೊಂದರೆ ತಂದದ್ದು. ಆಗ ಕಾಕಾನ ಮಗಳು ಬಾಣಂತನಕ್ಕೆ ಬಂದಿದ್ದಳು, ಗಂಡು ಕೂಸು. ಹೆಸರಿಡುವ ದಿನ ಹತ್ತಿರ ಬಂದಂತೆ ಕಾಕಾ ಕಲಘಟಗಿಗೆ ಹೋಗಿ ಬಣ್ಣದ ತೊಟ್ಟಿಲು ತಂದರು. ಸಾಗವಾನಿ ಕಟ್ಟಿಗೆ, ಅರಗಿನ ಹೊಳಪು, ಸುತ್ತಲೂ ಬಾಲಕೃಷ್ಣನ ಚಿತ್ರ. ಅಲ್ಲಿಯ ಚಿತ್ರಗಾರರ ಮನೆತನಗಳು ಇದನ್ನು ಮಾಡುತ್ತ ಬಂದಿವೆ, ಮೊಮ್ಮಕ್ಕಳ ಕಾಲಕ್ಕೂ ಬಣ್ಣ ಮಾಸುವುದಿಲ್ಲ. ತೊಟ್ಟಿಲು ಇಳಿಸುತ್ತಲೇ ಕಾಕಾ ಹೆಸರಿನ ಪ್ರಸ್ತಾಪ ಎತ್ತಿದರು.

‘ಡೇಲಿ ಹಾಲು ಕೇಳೀನಿ, ಡೇಲಿ ಪೇಪರ ಕೇಳೀನಿ’ ಎಂದಳು ಕಾಕಿ. ‘ಡೇಲಿ ಮೊಮ್ಮಗ ಕೇಳಿದ್ದಿಲ್ಲ. ಸುಮ್ಕಿರ್ರಿ.’

ಕಾಕಾ ಸುಮ್ಮನಿದ್ದಂತೆ ತೋರಿತು. ಹೆಸರಿಡುವ ದಿನ ಸೋದರತ್ತೆ ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಯಲ್ಲಿ, ನಮ್ಮೂರ ಅಮೃತೇಶ್ವರನ ಹೆಸರನ್ನೇ ‘ಅಮೃತ’ ಎಂದು ಊದಿದಳು. ಹೆಸರಿಟ್ಟವಳ ಬೆನ್ನಿಗೆ ಗುದ್ದುವುದು ಪದ್ಧತಿಯಲ್ಲವೇ? ಹೆಂಗಸರೆಲ್ಲ ಮುತ್ತಿದರು. ತಮ್ಮ ಹೆಸರು ತಪ್ಪಿಸಿದ ಸಿಟ್ಟಿಗೋ ಏನೋ, ಕಾಕಾ ಕೂಡ ಮುಷ್ಟಿ ಕಟ್ಟಿ ಪಡಸಾಲೆಯ ಆ ಕಡೆಯಿಂದ ರಭಸದಲ್ಲಿ ಬಂದರು. ನೆಲಕ್ಕೆ ಹೊಸದಾಗಿ ಹಾಸಿದ್ದು ನುಣ್ಣನೆಯ ಟೈಲ್ಸು, ಕಾಲಲ್ಲಿ ಗುಲ್ಮಾರ್ಗದಿಂದ ತಂದ ಉಣ್ಣೆಯ ಕಾಲುಚೀಲ. ಗೋಡೆಯ ಪಕ್ಕ ಹಂಚಲೆಂದು ತುಂಬಿಟ್ಟ ಗುಗ್ಗರಿಯ ಬುಟ್ಟಿ ಇತ್ತು. ಮೊಣಕಾಲು ಬಾಗಿಸಿ, ಹಿಮ್ಮಡಿ ಹೊರಗೆ ಒತ್ತಿ, ಈ ಸಲ ಪಾಠ ತಪ್ಪದೆ ಎಲ್ಲವನ್ನೂ ಮಾಡಿದರಂತೆ. ಗುಗ್ಗರಿಯನ್ನು ಯಾರೂ ಬೇರೆ ಹಂಚುವ ಪ್ರಸಂಗ ಬರಲಿಲ್ಲ.